ಗುಟ್ಟು ನಿಮ್ಮದು, ನಂಬರ್ ಊರಿನದು

ದಾವಣಗೆರೆಯಲ್ಲಿ ಬೆಣ್ಣೆ ದೋಸೆಯ ಹಿಟ್ಟಿಗೆ ಮಂಡಕ್ಕಿ ಎಷ್ಟು ಹಾಕ್ತೀರಿ ಅಂತ ಕೇಳಿ ನೋಡಿ. ಕಾವಲಿ ಮುಂದೆ ನಿಂತವನು ನಕ್ಕು, ಚಟ್ನಿ ಬೇಕಾ ಅನ್ನುತ್ತಾನೆ. ಆ ಹದ ಅಪ್ಪನಿಂದ ಮಗನಿಗೆ ದಾಟುತ್ತದೆಯೇ ಹೊರತು ಪಕ್ಕದ ಅಂಗಡಿಗೆ ದಾಟುವುದಿಲ್ಲ. ಇದೇ ಊರಿನಲ್ಲಿ ಪೆಟ್ರೋಲ್ ಬಂಕಿನಲ್ಲೋ ಬಾರಿನಲ್ಲೋ ಕಾರ್ಡ್ ಕೊಟ್ಟು ನಿಲ್ಲಿ. ಹುಡುಗ ಮಷೀನ್ ಎತ್ತಿಹಿಡಿದು ನೆಟ್‌ವರ್ಕ್ ಹುಡುಕುತ್ತಾ ದೂರ ಹೋಗಿ, ಅಲ್ಲಿಂದಲೇ ಕೂಗುತ್ತಾನೆ: "ಅಣ್ಣಾ, ಪಿನ್ ಎಷ್ಟ್ರೀ?" ಅಣ್ಣನೂ ಕೂಗಿಯೇ ಹೇಳುತ್ತಾನೆ. ಗಾಳಿ ಹಿಡಿಸುತ್ತಾ ನಿಂತವನಿಗೂ ಕೇಳಿಸುತ್ತದೆ. ಕೇಳಿಸದಿದ್ದರೂ ನಷ್ಟವಿಲ್ಲ, ಅದೇ ನಾಲ್ಕಂಕಿ ಅಣ್ಣನ ಬೈಕಿನ ನಂಬರ್ ಪ್ಲೇಟಿನ ಮೇಲಿದೆ.

ಇಂಥ ಜನರನ್ನು ತಿದ್ದಲೆಂದೇ ಆಗಾಗ ಸೈಬರ್ ಜಾಗೃತಿ ಕಾರ್ಯಕ್ರಮಗಳು ನಡೆಯುತ್ತವೆ. ಹಾರ, ಶಾಲು ಎಲ್ಲ ಮುಗಿದ ಮೇಲೆ ಮುಖ್ಯ ಅತಿಥಿಗಳು "ನಿಮ್ಮ ವೈಯಕ್ತಿಕ ಮಾಹಿತಿಯನ್ನು ಯಾರಿಗೂ ಕೊಡಬೇಡಿ" ಎಂದು ಮುಕ್ಕಾಲು ಗಂಟೆ ಕೊರೆಯುತ್ತಾರೆ. ಬಾಗಿಲ ಬಳಿ ಮೇಜಿನ ಮೇಲೆ ಹಾಜರಿ ಪುಸ್ತಕ: ಹೆಸರು, ಹುಟ್ಟಿದ ದಿನಾಂಕ, ಮೊಬೈಲ್, ಆಧಾರ್ ನಂಬರ್, ಸಹಿ. ಪೂರ್ತಿ ತುಂಬಿದವರಿಗೆ ಉಪ್ಪಿಟ್ಟಿನ ಕೂಪನ್. ಕಾರ್ಯಕ್ರಮ ಮುಗಿದ ಮೇಲೆ ಆ ಪುಸ್ತಕ ಯಾರ ಮನೆಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಉಪ್ಪಿಟ್ಟು ಎಲ್ಲರಿಗೂ ಸಿಕ್ಕಿತಾ ಎಂದು ಮಾತ್ರ ಕೇಳುತ್ತಾರೆ.

ಕಾರ್ಡಿನ ನಂಬರಿಗಾದರೂ ಒಂದಿಷ್ಟು ಬುದ್ಧಿ ಇದೆ. 16 ಅಂಕಿಗಳಲ್ಲಿ ಕೊನೆಯದು ಉಳಿದ 15ರ ಲೆಕ್ಕ ತಾಳೆ ನೋಡಲು ಇರುವ ಅಂಕಿ. ಐಬಿಎಂನಲ್ಲಿದ್ದ ಹಾನ್ಸ್ ಪೀಟರ್ ಲೂನ್ 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಉಪಾಯ ಅದು. ಒಂದಂಕಿ ತಪ್ಪು ಒತ್ತಿದರೆ ಥಟ್ಟನೆ ಹಿಡಿಯುತ್ತದೆ. ಒತ್ತಿದವನು ಯಜಮಾನನೋ ಕಳ್ಳನೋ ಎಂಬುದು ಅದಕ್ಕೆ ಸಂಬಂಧಪಟ್ಟ ವಿಷಯವಲ್ಲ. ಆ ಕಾವಲಿಗೆಂದೇ ಮೂರಂಕಿಯ ಸಿವಿವಿ ಇದೆ. ಬಲು ಗುಟ್ಟಿನ ಸಂಖ್ಯೆ, ಹಾಗಾಗಿ ಕಾರ್ಡಿನ ಮೇಲೆಯೇ ಅಚ್ಚು ಹಾಕಿದ್ದಾರೆ. ಯಾವುದೋ ಸಾಲದ ಅರ್ಜಿಗೆಂದು ಕಾರ್ಡಿನ ಎರಡೂ ಬದಿ ಜೆರಾಕ್ಸ್ ಮಾಡಿಸುತ್ತೇವೆ. "ಕ್ಲಿಯರ್ ಬಂದಿಲ್ರೀ, ಇನ್ನೊಂದ್ ತೆಗೀತೀನಿ" ಎಂದು ಅಂಗಡಿಯವನು ಮೊದಲ ಪ್ರತಿಯನ್ನು ಬುಟ್ಟಿಗೆ ಎಸೆಯುತ್ತಾನೆ. ಸಂಜೆಗೆ ಆ ಹಾಳೆಯಲ್ಲಿ ಬಿಸಿ ಮಿರ್ಚಿ.

ವಿದ್ಯಾನಗರದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಇದ್ದಾರೆ ಎಂದಿಟ್ಟುಕೊಳ್ಳಿ. ಹರಿಹರ ದಾಟಿದರೆ ಮನೆ ನೆನಪಾಗುವ ಜೀವ. ಅವರ ಕಾರ್ಡ್ ಮಾತ್ರ ಒಂದು ನಡುರಾತ್ರಿ ವಿದೇಶಕ್ಕೆ ಹೋಗಿ ಡಾಲರ್ ಕೊಟ್ಟು ಬೂಟು ಕೊಂಡಿತು. ನಮ್ಮ ದೇಶದ ಆನ್‌ಲೈನ್ ಖರೀದಿಗೆ ಎರಡನೇ ಬೀಗ ಬೇಕೆಂದು ರಿಸರ್ವ್ ಬ್ಯಾಂಕ್ 2009ರಲ್ಲೇ ಕಡ್ಡಾಯ ಮಾಡಿದೆ, ಆದರೆ ವಿದೇಶದ ಎಷ್ಟೋ ಅಂಗಡಿಗಳಿಗೆ ಒಟಿಪಿಯ ಹಂಗಿಲ್ಲ.

ಮೇಷ್ಟ್ರು ಸಹಾಯವಾಣಿಗೆ ಫೋನ್ ಮಾಡಿದರು. ಇಂಗ್ಲಿಷಿಗೆ ಒಂದು ಒತ್ತಿ, ಹಿಂದಿಗೆ ಎರಡು. ಸಾಲ ಬೇಕಿದ್ದರೆ ಮೂರು. ಇನ್ನೂ ದೊಡ್ಡ ಸಾಲ ಬೇಕಿದ್ದರೆ ನಾಲ್ಕು. ನಂಬರ್ ಕಳವಾದವರ ಸರದಿ ಕೊಟ್ಟಕೊನೆಗೆ. ಒತ್ತಿದರೆ, "ದಯವಿಟ್ಟು ನಿಮ್ಮ 16 ಅಂಕಿಯ ಕಾರ್ಡ್ ನಂಬರ್ ಒತ್ತಿ." ಒತ್ತಿದರು. ಹುಟ್ಟಿದ ದಿನಾಂಕ ಒತ್ತಿ. ಒತ್ತಿದರು. "ನಿಮ್ಮ ಕರೆ ನಮಗೆ ಅಮೂಲ್ಯ" ಎಂದು ಕೊಳಲು ಶುರುವಾಯಿತು. ಕೊಳಲು ಚರಣಕ್ಕೆ ಬರುವಷ್ಟರಲ್ಲಿ ಎರಡನೇ ಜೊತೆ ಬೂಟು.

ಕಳ್ಳರ ಕಡೆಯ ಸೇವೆಯನ್ನು ಇದರ ಪಕ್ಕ ಇಟ್ಟು ನೋಡಿ. ಅವರೇ ಫೋನ್ ಮಾಡುತ್ತಾರೆ. ಕೊಳಲಿಲ್ಲ, ಒಂದು-ಎರಡು ಒತ್ತುವ ಗೋಜಿಲ್ಲ. ಹೆಸರು, ಶಾಖೆ, ಕೊನೆಯ ನಾಲ್ಕಂಕಿ ಎಲ್ಲ ಬಾಯಿಪಾಠ. "ಮೇಷ್ಟ್ರೇ, ಊಟ ಆಯ್ತಾ" ಎಂದೇ ಶುರು. ಗ್ರಾಹಕರಿಗೆ ಅವರ ಭಾಷೆಯಲ್ಲೇ ಸೇವೆ ಕೊಡಿ ಎಂದು ಕನ್ನಡಿಗರು ಬ್ಯಾಂಕುಗಳನ್ನು ಎಷ್ಟು ವರ್ಷದಿಂದ ಕೇಳುತ್ತಿದ್ದಾರೋ, ಅದನ್ನು ಪೂರ್ತಿ ಈಡೇರಿಸಿದವರು ವಂಚಕರು.

ಬೆಳಿಗ್ಗೆ ಮೇಷ್ಟ್ರು ಶಾಖೆಗೆ ಹೋದರು. ವಿಚಾರಣೆ ಶುರುವಾಯಿತು, ಕಳ್ಳನದ್ದಲ್ಲ.

"ಒಟಿಪಿ ಯಾರಿಗಾದ್ರೂ ಹೇಳಿದ್ರಾ?"

"ಬಂದೇ ಇಲ್ರೀ, ಎಲ್ಲಿಂದ ಹೇಳ್ಲಿ?"

"ಲಿಂಕ್ ಒತ್ತಿದ್ರಾ?"

"ಇಲ್ರೀ."

"ಮನೇಲಿ ಮೊಮ್ಮಕ್ಕಳು ಅದಾರಾ?"

"ಅದಾರ್ರೀ, ಇಬ್ರು."

"ನೋಡಿ, ಮತ್ತೆ!"

ಮೊಮ್ಮಕ್ಕಳಿಗೆ ಅಮೆರಿಕದ ಅಳತೆಯ ಬೂಟು ಯಾಕೆ ಎಂಬ ಪ್ರಶ್ನೆಗೆ ಅರ್ಜಿಯಲ್ಲಿ ಜಾಗವಿರಲಿಲ್ಲ.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಬೇರೆಯೇ ಹೇಳುತ್ತದೆ. ತಪ್ಪು ಗ್ರಾಹಕನದ್ದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ, ನಡುವೆ ಎಲ್ಲೋ ಆಗಿದೆ ಎಂದಾದರೆ, ಬ್ಯಾಂಕಿನಿಂದ ಸುದ್ದಿ ಬಂದ 3 ಕೆಲಸದ ದಿನದೊಳಗೆ ತಿಳಿಸಿದವನ ಹೊಣೆ ಸೊನ್ನೆ. 4ರಿಂದ 7 ದಿನವಾದರೆ, 5 ಲಕ್ಷದೊಳಗಿನ ಮಿತಿಯ ಕ್ರೆಡಿಟ್ ಕಾರ್ಡಿಗೆ ಹೆಚ್ಚೆಂದರೆ 10,000 ರೂಪಾಯಿ. ದೂರು ಕೊಟ್ಟ 10 ಕೆಲಸದ ದಿನದೊಳಗೆ ಹಣವನ್ನು ಖಾತೆಗೆ ತಾತ್ಕಾಲಿಕವಾಗಿಯಾದರೂ ಹಾಕಬೇಕು, 90 ದಿನದೊಳಗೆ ದೂರು ಇತ್ಯರ್ಥವಾಗಬೇಕು. ಎಲ್ಲಕ್ಕಿಂತ ರುಚಿಯಾದ ಸಾಲು: ಗ್ರಾಹಕನದೇ ತಪ್ಪು ಎಂದು ಸಾಬೀತು ಮಾಡುವ ಭಾರ ಬ್ಯಾಂಕಿನದು. ಪಿನ್ನು, ಒಟಿಪಿ ತಾನೇ ಹೇಳಿಕೊಟ್ಟವನಿಗೆ ಈ ರಕ್ಷೆ ಇಲ್ಲ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದೇ. ಮೊಮ್ಮಕ್ಕಳ ಪ್ರಶ್ನೆ ಎದ್ದದ್ದು ಇದೇ ಕಿಂಡಿಯಿಂದ ಎಂದು ಬೇರೆ ಹೇಳಬೇಕಿಲ್ಲ. ಸುತ್ತೋಲೆ ಶಾಖೆಯ ಗೋಡೆಯ ಮೇಲೆ ಇರಲಿಲ್ಲ, ಅಲ್ಲಿ ಚಿನ್ನದ ಸಾಲದ ಪೋಸ್ಟರಿತ್ತು.

ಬ್ಯಾಂಕಿನವರು ಎಫ್‌ಐಆರ್ ತನ್ನಿ ಎಂದರು. ಠಾಣೆಯಲ್ಲಿ ಬ್ಯಾಂಕಿನ ಪತ್ರ ತನ್ನಿ ಎಂದರು. ರಾತ್ರಿಯೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕಿತ್ತು ಎಂದು ಕೊನೆಗೆ ಹೇಳಿದವರು ಠಾಣೆಯ ಎದುರಿನ ಚಹಾದಂಗಡಿಯವರು.

ಇನ್ನೊಂದು ತಮಾಷೆ ಇದೆ. 2020ರ ಅಕ್ಟೋಬರಿನಿಂದ ಹೊಸ ಕಾರ್ಡ್ ವಿದೇಶಿ ವಹಿವಾಟಿಗೆ ಮುಚ್ಚಿಕೊಂಡೇ ಬರಬೇಕು, ಗ್ರಾಹಕ ಬೇಕೆಂದಾಗ ತೆರೆದು ಬೇಡವೆಂದಾಗ ಮುಚ್ಚಬಹುದು. ಮೇಷ್ಟ್ರ ಕಾರ್ಡ್ ಮಾಡಿಸಿಕೊಟ್ಟ ಏಜೆಂಟ್ ಹುಡುಗ ಬಲು ಉಪಕಾರಿ. "ಎಲ್ಲಾ ಆನ್ ಮಾಡಿಕೊಟ್ಟೀನಿ ಸಾರ್, ನಿಮಗೆ ತೊಂದ್ರೆ ಬೇಡ" ಎಂದು ಹೋಗಿದ್ದ. ಸಾಲದ ಮಿತಿ ಏರಿಸುವ ಗುಂಡಿ ಆ್ಯಪ್ ತೆರೆದ ಕೂಡಲೇ ಮಿನುಗುತ್ತದೆ. ಈ ಸ್ವಿಚ್ಚಿನ ಹತ್ತಿರ ಹೋಗಬೇಕಾದರೆ ಮಾತ್ರ ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನೇ ದಾಟಬೇಕು.

ಅಂತೂ ಹೊಸ ಕಾರ್ಡ್ ಬಂತು. ಮರುದಿನವೇ ಒಂದು ಕರೆ. "ಸಾರ್, ನಿಮ್ಮಂಥ ಹಿರಿಯರಿಗಾಗಿಯೇ ಕಾರ್ಡ್ ಸುರಕ್ಷಾ ಪ್ಲಾನ್ ಬಂದಿದೆ. ಕಾರ್ಡ್ ವಂಚನೆ ಆದ್ರೆ ನಿಮ್ಮ ದುಡ್ಡು ನಿಮಗೆ ವಾಪಸ್." ನಿಯಮದ ಪ್ರಕಾರ ಬಿಟ್ಟಿ ಸಿಗಬೇಕಾದ ರಕ್ಷೆಯನ್ನು ವರ್ಷದ ಶುಲ್ಕಕ್ಕೆ ಮಾರುತ್ತಿದ್ದಾರೆಂದರೆ ಇದು ಅಸಲಿ ಬ್ಯಾಂಕೇ ಇರಬೇಕು ಎಂದು ಮೇಷ್ಟ್ರಿಗೆ ಒಂದು ಕ್ಷಣ ಅನಿಸಿತು. ಕನ್ನಡ ಇಷ್ಟು ಚೆನ್ನಾಗಿದೆಯಲ್ಲ ಎಂದು ಮರುಕ್ಷಣ ಅನುಮಾನವೂ ಬಂತು.

"ಅದಕ್ಕೆ ನಾನೇನ್ ಮಾಡ್ಬೇಕಮ್ಮಾ?"

"ಏನೂ ಇಲ್ಲ ಸಾರ್. ಈಗ ನಿಮ್ಮ ಮೊಬೈಲಿಗೆ ಒಂದು ನಂಬರ್ ಬರುತ್ತೆ, ಅದನ್ನ ಸ್ವಲ್ಪ ಓದಿ ಹೇಳ್ತೀರಾ?"