ರಬ್ಬರ್ ಬ್ಯಾಂಡಿನೊಳಗಿನ ಪಾಸ್‌ಪೋರ್ಟ್

ನಿನ್ನೆ ಹೋ ಚಿ ಮಿನ್ ನಗರದಿಂದ ನಾಮ್ ಪೆನ್‌ಗೆ ಬಸ್ಸಿನಲ್ಲಿ ಬಂದೆ. ಬೆಂಗಳೂರಿನಿಂದ ಚಿತ್ರದುರ್ಗಕ್ಕಿರುವ ದೂರಕ್ಕಿಂತ ತುಸು ಹೆಚ್ಚು, ಸುಮಾರು 230 ಕಿಲೋಮೀಟರು. ಅಷ್ಟಕ್ಕೆ ಏಳು ಗಂಟೆ ಹಿಡಿಯಿತು. ಅದರ ಬಗ್ಗೆ ನನ್ನ ತಕರಾರಿಲ್ಲ, ಬಸ್ಸಿನಲ್ಲಿ ನಾನು ಹೇಗೆ ನಿದ್ದೆ ಹೊಡೆಯುತ್ತೇನೆಂಬುದು ನಿಮಗೆಲ್ಲ ಗೊತ್ತೇ ಇದೆ. ತಕರಾರಿರುವುದು ಬಸ್ಸು ಹೊರಟ ಹತ್ತೇ ನಿಮಿಷದಲ್ಲಿ ಎಲ್ಲರ ಪಾಸ್‌ಪೋರ್ಟುಗಳನ್ನೂ ಒಟ್ಟುಮಾಡಿ, ರಬ್ಬರ್ ಬ್ಯಾಂಡ್ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಇಳಿಸಿಕೊಂಡ ಬಸ್ಸಿನ ಹುಡುಗನ ಬಗ್ಗೆ.

ಕಾಂಬೋಡಿಯಾದ ಪ್ರವಾಸಿ ವೀಸಾಗೆ 30 ಡಾಲರ್, ಗಡಿಯಲ್ಲೇ ಕೊಡುತ್ತಾರೆ. ಹುಡುಗ ಕೇಳಿದ್ದು 40. ಮಿಕ್ಕ ಹತ್ತು ಯಾತಕ್ಕೆಂದರೆ ‘ಸರ್ವಿಸ್’ ಎಂದ, ರಸೀದಿ ಕೇಳಿದರೆ ನಕ್ಕ. ನಾನು ಕೊಟ್ಟ ಇಪ್ಪತ್ತರ ನೋಟೊಂದನ್ನು ಬೆಳಕಿಗೆ ಹಿಡಿದು, ಅಂಚಿನಲ್ಲಿ ಅಕ್ಕಿಕಾಳಿನಷ್ಟು ಹರಿದಿದೆಯೆಂದು ಹಿಂತಿರುಗಿಸಿದ. ಲೆಕ್ಕವಿಲ್ಲದ ಹಣಕ್ಕೂ ನೋಟು ಮಾತ್ರ ಗರಿಗರಿಯಾಗಿರಬೇಕು!

ವಿಯೆಟ್ನಾಂ ಕಡೆಯ ಮೊಕ್ ಬಾಯ್‌ನಲ್ಲಿ ಎಲ್ಲರೂ ಇಳಿದು, ಸಾಮಾನು ಹೊತ್ತು, ಕಿಟಕಿಯ ಮುಂದೆ ಕುರಿಗಳಂತೆ ನಿಂತೆವು. ಪಾಸ್‌ಪೋರ್ಟ್ ಇಲ್ಲದ ಕೈಯನ್ನು ಎಲ್ಲಿಡಬೇಕೆಂದೇ ನನಗೆ ತಿಳಿಯಲಿಲ್ಲ. ಹುಡುಗ ಒಂದೊಂದೇ ಹೆಸರು ಕೂಗುತ್ತಿದ್ದ. ಮೂರು ತುಂಡಾದ ಒಂದು ಹೆಸರನ್ನು ನಾಲ್ಕು ಸಲ ಕೂಗಿದರೂ ಯಾರೂ ಮುಂದೆ ಹೋಗಲಿಲ್ಲ, ನಾನೂ ಯಾರಪ್ಪಾ ಈ ಪುಣ್ಯಾತ್ಮನೆಂದು ಹಿಂದೆ ತಿರುಗಿ ನೋಡಿದೆ. ಅದು ನನ್ನ ಅಪ್ಪನ ಹೆಸರಾಗಿತ್ತು. ನಮ್ಮಲ್ಲಿ ಮನೆತನದ ಹೆಸರಿಲ್ಲದವರೆಲ್ಲ ಪಾಸ್‌ಪೋರ್ಟಿನಲ್ಲಿ ಅಪ್ಪನನ್ನೇ ಹಿಂದೆ ಹಾಕಿಕೊಂಡು ತಿರುಗುತ್ತೇವಲ್ಲ, ಹಾಗೆ. ಮಂತ್ರಾಲಯದಿಂದಾಚೆಗೆ ಕಾಲಿಡದೆಯೇ ತೀರಿಕೊಂಡವರನ್ನು ಅಲ್ಲಿ ಯಾರೋ ಗಟ್ಟಿಯಾಗಿ ಕರೆಯುತ್ತಿದ್ದರು. ಗಂಟಲು ಕಟ್ಟಿ ಬಂತು. ಸಿಟ್ಟನ್ನು ಒಂದು ನಿಮಿಷ ಮುಂದೂಡಬೇಕಾಯಿತು.

ವಿಮಾನದಲ್ಲಿ ಹೋಗಬಾರದಿತ್ತೇ, ಒಂದು ಗಂಟೆಯೂ ಬೇಡವಲ್ಲ ಎಂದು ಕೆಲವರು ಖಂಡಿತ ಬರೆಯುತ್ತೀರಿ. ಬರೆಯಿರಿ. ಮೊದಲು ಬಸ್ಸುಗಳನ್ನು ದೋಣಿಯ ಮೇಲೇರಿಸಿ ಮೆಕಾಂಗ್ ದಾಟಿಸುತ್ತಿದ್ದ ನೆಯಾಕ್ ಲುಂಗ್‌ನಲ್ಲಿ, ಜಪಾನಿನ ನೆರವಿನಿಂದ ಕಟ್ಟಿ 2015ರಲ್ಲಿ ತೆರೆದ ಎರಡು ಕಿಲೋಮೀಟರಿಗೂ ಮಿಕ್ಕ ಉದ್ದದ ಸೇತುವೆಯ ಮೇಲಿಂದ ಆ ಕೆಂಪು ನೀರನ್ನು ನೋಡುವ ಸುಖ ವಿಮಾನದ ಕಿಟಕಿಗೆ ಎಲ್ಲಿಂದ ಬರಬೇಕು? ಅಷ್ಟು ದೊಡ್ಡ ನದಿಯನ್ನು ಈಗ ಎರಡು ನಿಮಿಷದಲ್ಲಿ ದಾಟುತ್ತೇವೆ. ನನ್ನ ಪಾಸ್‌ಪೋರ್ಟ್ ನನ್ನ ಕೈ ಸೇರಲು ಎರಡು ಗಂಟೆ ಬೇಕು.

ಹುಡುಗನಿಲ್ಲದಿದ್ದರೆ ಇನ್ನೂ ತಡವಾಗುತ್ತಿತ್ತು ಎಂದು ಪಕ್ಕದ ಸೀಟಿನ ಫ್ರೆಂಚ್ ಹೆಂಗಸು ಹೇಳಿದರು. ಆಗಿರಬಹುದು. ಆದರೆ ಬೇಗ ಆಗುವುದಕ್ಕೂ ನನ್ನ ಗುರುತನ್ನು ಅಪರಿಚಿತನ ಚೀಲಕ್ಕೆ ಹಾಕುವುದಕ್ಕೂ ಏನು ಸಂಬಂಧ? ಹಣ ಬೇಕಾದರೆ ಟಿಕೆಟ್ಟಿನಲ್ಲೇ ಸೇರಿಸಿ ಬರೆಯಲಿ, ಕೊಡುತ್ತೇನೆ. (ಹೋದ ವರ್ಷ ಡಿಎಲ್ ನವೀಕರಣಕ್ಕೆಂದು ಏಜೆಂಟನೊಬ್ಬನ ಕೈಗೆ ಕಾಗದಪತ್ರಗಳನ್ನೂ ಹಣವನ್ನೂ ಕೊಟ್ಟು, ರಸೀದಿ ಕೇಳದೆ, ಪಕ್ಕದ ದರ್ಶಿನಿಯಲ್ಲಿ ಕಾಫಿ ಕುಡಿದು ಬಂದವನು ನಾನೇ. ಹೆಂಡತಿ ನೆನಪಿಸುವ ಮೊದಲು ನಾನೇ ಒಪ್ಪಿಕೊಳ್ಳುತ್ತಿದ್ದೇನೆ.)

ಗಡಿಯ ಕಾಂಬೋಡಿಯಾ ಕಡೆಯ ಊರಾದ ಬಾವೆಟ್‌ನ ಕ್ಯಾಸಿನೋಗಳನ್ನು ದಾಟಿದ ಮೇಲೆ ಪಾಸ್‌ಪೋರ್ಟ್ ಬಂತು, ಒಂದಿಡೀ ಪುಟ ನುಂಗಿದ ವೀಸಾದೊಂದಿಗೆ. ಶುಕ್ರವಾರ ಇದೇ ದಾರಿಯಲ್ಲಿ ಹಿಂತಿರುಗಬೇಕು. ಹರಿಯದ ನೋಟುಗಳನ್ನು ಈಗಲೇ ಆರಿಸಿ ಪುಸ್ತಕದೊಳಗೆ ಇಟ್ಟಿದ್ದೇನೆ.