ಟೋಕನ್ ಮುಂದಿನ ಸ್ಟೇಷನ್ನಿಗೆ ಹೋಗೈತಿ

ದಾವಣಗೆರೆಲಿ ಸೀರೆ ಸಿಗಲ್ವಾ ಅಂತ ಮಾತ್ರ ಕೇಳ್ಬೇಡಿ, ಅದನ್ನ ನಾವೇ ಕೇಳಿ ಬೈಸ್ಕೊಂಡಾಗಿದೆ. ಹತ್ತಿ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸ್ಕೊಂಡಿದ್ದ ಊರು ನಮ್ದು, ಚೌಕಿಪೇಟೆಲಿ ಸುಮ್ನೆ ನಿಂತ್ರೂ ಅಂಗಡಿಯೋರು ಒಳಗೆ ಕರೆದು ಕೂರಿಸಿ ಟೀ ಕುಡಿಸ್ತಾರೆ, ಆದ್ರೂ ತಂಗಿ ಮದುವೆ ಜವಳಿ ಬೆಂಗಳೂರಿನ ಚಿಕ್ಕಪೇಟೆಲೇ ಆಗ್ಬೇಕು ಅಂತ ದೊಡ್ಡಮ್ಮನ ಹಠ. ಬಸ್ ಚಾರ್ಜ್ ದಂಡ ಅಂತ ದೊಡ್ಡಪ್ಪ ಗೊಣಗಿದ್ದಕ್ಕೆ "ನಂಗೆ ಫ್ರೀ ಐತಿ, ನಿಮ್ದು ನೀವ್ ನೋಡ್ಕಳ್ರಿ" ಅಂದ್ಬಿಟ್ರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿಂದ ನಮ್ಮನೆ ಟೂರ್ ಪ್ರೋಗ್ರಾಂ ಎಲ್ಲಾ ದೊಡ್ಡಮ್ಮನ ಕೈಲೇ ಇದೆ.

ತುಮಕೂರು ರೋಡಲ್ಲಿ ಬರೋ ನಮ್ಮ ಕಡೆಯೋರಿಗೆ ಮೆಜೆಸ್ಟಿಕ್‌ವರೆಗೂ ಬಸ್ಸಲ್ಲೇ ಕೂತ್ಕೊಂಡು ಟ್ರಾಫಿಕ್ ನೋಡೋದಕ್ಕಿಂತ ಗೊರಗುಂಟೆಪಾಳ್ಯದಲ್ಲಿ ಇಳ್ಕೊಂಡು ಹಸಿರು ಮಾರ್ಗದ ಮೆಟ್ರೋ ಹತ್ತೋದು ಒಳ್ಳೇದು, ಎಲ್ಲೂ ಟ್ರೈನ್ ಬದಲಾಯಿಸೋ ಹಂಗಿಲ್ಲ, ಸೀದಾ ಚಿಕ್ಕಪೇಟೆ. ಕೌಂಟರ್ ಮುಂದೆ ದೊಡ್ಡಮ್ಮ ಠೀವಿಯಿಂದ ಆಧಾರ್ ಕಾರ್ಡ್ ಚಾಚಿದ್ರು. ಒಳಗಿದ್ದ ಹುಡುಗಿ ಮೆಟ್ರೋಗೆ ಶಕ್ತಿ ಇಲ್ಲಮ್ಮ ಅಂದ್ಲು. "ಯಾಕವ್ವ, ಇದು ಸರ್ಕಾರದ್ದಲ್ಲೇನು?" ಪ್ರಶ್ನೆ ನ್ಯಾಯವಾಗೇ ಇತ್ತು, ಉತ್ತರ ಕೊಡೋಕೆ ಹಿಂದೆ ನಿಂತಿದ್ದ ಕ್ಯೂ ಬಿಡ್ಲಿಲ್ಲ.

ನಾನು ಎಲ್ಲರಿಗೂ ಮೊಬೈಲಲ್ಲೇ ಕ್ಯೂಆರ್ ಟಿಕೆಟ್ ತೆಗಿತೀನಿ ಅಂದೆ. ದೊಡ್ಡಪ್ಪ ಒಪ್ಪಲಿಲ್ಲ, ಕೈಯಾಗ ಹಿಡಿಯಾಕ್ ಬರ್ದಿರೋ ಟಿಕೆಟ್ ಎಂಥಾ ಟಿಕೆಟ್ ಅಂತ. ಹಂಗಾಗಿ ನಂದು ಕ್ಯೂಆರ್, ದೊಡ್ಡಪ್ಪ ದೊಡ್ಡಮ್ಮ ಅಮ್ಮ ತಂಗಿಗೆ ಪ್ಲಾಸ್ಟಿಕ್ ಟೋಕನ್. ಆಮೇಲೆ ಸ್ಕ್ಯಾನರ್ ಒಳಗೆ ನಮ್ಮ ಮಂಡಕ್ಕಿ ಚೀಲ ಹೋಯ್ತು. ಗಾತ್ರ ನೋಡಿದ್ರೆ ಸಂಸಾರ ಸಮೇತ ಗುಳೆ ಹೊರಟಂಗೆ, ಎತ್ತಿದ್ರೆ ತೂಕವೇ ಇಲ್ಲ, ಸೆಕ್ಯೂರಿಟಿಯವರು ಅನುಮಾನದಿಂದ ಅದನ್ನ ಒತ್ತಿ ಒತ್ತಿ ನೋಡಿ, ಒಳಗೆ ಹೋಗಿ ತಿನ್ನಂಗಿಲ್ಲ ಅಂತ ಹೇಳಿ ಬಿಟ್ರು.

ದೊಡ್ಡಪ್ಪನದು ಒಂದು ಪದ್ಧತಿ ಇದೆ, ಬಸ್ಸಿರ್ಲಿ ರೈಲಿರ್ಲಿ ಮನೆಮಂದಿದೆಲ್ಲಾ ಟಿಕೆಟ್ ಅವರ ಒಳಜೇಬಲ್ಲೇ ಇರ್ಬೇಕು. ಗೇಟಿನತ್ರ ಒಬ್ಬೊಬ್ಬರದೂ ಟೋಕನ್ ತಾವೇ ಮಷಿನ್ನಿಗೆ ಮುಟ್ಟಿಸಿ, ದನ ಒಳಗೆ ಬಿಟ್ಟಂಗೆ ನಮ್ಮೋರನ್ನ ಬಿಟ್ಟು, ಕೊನೆಗೆ ತಾವೂ ಬಂದು ನಾಲ್ಕನ್ನೂ ಜೇಬಿಗೆ ಇಳಿಸಿದ್ರು. ಒಳಗೆ ಹೋಗೋವಾಗ ಮುಟ್ಟಿಸಿದ್ರೆ ಸಾಕು, ಹೊರಗೆ ಬರೋವಾಗ ಟೋಕನ್ನನ್ನ ಮಷಿನ್ ಬಾಯಿಗೆ ಹಾಕಿದ್ರೇನೇ ಬಾಗಿಲು ತೆಗೆಯೋದು, ಅದಕ್ಕೆ ಒಬ್ಬೊಬ್ಬರ ಕೈಲಿ ಒಂದೊಂದು ಕೊಡಿ ಅಂತ ನಾನಂದೆ. "ಕಳೀತಾರೆ" ಅಂದ್ರು. ಮುಗೀತು.

ಸಂಪಿಗೆ ರಸ್ತೆ ಸ್ಟೇಷನ್ ದಾಟಿದ ಮೇಲೆ ರೈಲು ನೆಲದೊಳಗೆ ಇಳಿಯುತ್ತೆ. ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ ಮೂರೂ ಕೆಳಗೇ, ಮತ್ತೆ ಬೆಳಕು ಕಾಣೋದು ನ್ಯಾಷನಲ್ ಕಾಲೇಜ್ ಹತ್ರ. 2017ರ ಜೂನ್‌ನಲ್ಲಿ ಶುರುವಾಗಿದ್ದು ಇದು, ಸುರಂಗ ಕೊರೆದ ಮಷಿನ್‌ಗಳಿಗೆ ಕಾವೇರಿ ಕೃಷ್ಣಾ ಗೋದಾವರಿ ಅಂತೆಲ್ಲಾ ಹೆಸರಿಟ್ಟಿದ್ರು, ಗೋದಾವರಿ ಬಂಡೆಗೆ ಸಿಕ್ಕು ಹಲ್ಲು ಮುರ್ಕೊಂಡು ತಿಂಗಳುಗಟ್ಟಲೆ ನಿಂತಿತ್ತು, ಆಮೇಲೆ ನಾಗವಾರ ಕಡೆ ಕೊರೆಯೋಕೆ ತುಂಗಾ ಭದ್ರಾನೂ ಬಂದ್ವು ಅಂತ ನಾನು ದೊಡ್ಡಪ್ಪಂಗೆ ಹೇಳ್ತಾ ಇದ್ದೆ. ಭದ್ರಾ ಅಂದಿದ್ದೇ ತಡ ಅವರು ಸೀಟಲ್ಲಿ ನೆಟ್ಟಗೆ ಕೂತ್ರು. "ನಾಲೆಯಾಗೆ ನಮ್ ಕೊನೇಭಾಗಕ್ಕೆ ಬರಾಕಾಗಲ್ಲ, ಇಲ್ಲಿ ನೆಲದಡಿ ತೂರ್ಕೊಂಡು ನಾಗವಾರಕ್ಕೆ ಹೋಗೈತಾ?" ಪಕ್ಕದಲ್ಲಿ ಕೂತಿದ್ದ ಯಾರೋ ಪುಣ್ಯಾತ್ಮರಿಗೆ ಬೇಸಿಗೆ ಭತ್ತ, ಅಕ್ರಮ ಪಂಪ್‌ಸೆಟ್ಟು, ನೀರಾವರಿ ಸಲಹಾ ಸಮಿತಿ ಎಲ್ಲಾ ವಿವರವಾಗಿ ಹೇಳೋಕೆ ಶುರು ಮಾಡಿದ್ರು.

ಅಷ್ಟರಲ್ಲಿ ಚಿಕ್ಕಪೇಟೆ ಬಂತು. ಚಿಕ್ಕಪೇಟೆಲಿ ನಾವು ಇಳಿಯೋದಲ್ಲ, ಜನ ಇಳಿಸ್ತಾರೆ. ನಾನು, ಅಮ್ಮ, ತಂಗಿ, ದೊಡ್ಡಮ್ಮ, ಮಂಡಕ್ಕಿ ಚೀಲ ಎಲ್ಲಾ ಪ್ಲಾಟ್‌ಫಾರ್ಮ್ ಮೇಲೆ. ಬಾಗಿಲು ಮುಚ್ಚಿತು. ಗಾಜಿನಾಚೆ ದೊಡ್ಡಪ್ಪ ನಮ್ಮ ಕಡೆ ಬೆನ್ನು ಹಾಕಿ ಇನ್ನೂ ನಾಲೆ ಮೇಲೇ ಇದ್ರು.

ಫೋನ್ ಹಚ್ಚಿದ್ರೆ ಸ್ವಿಚ್ ಆಫ್. ಚಾರ್ಜ್ ಉಳೀಲಿ ಅಂತ ಅವರು ಊರು ಬಿಟ್ಟ ಕೂಡ್ಲೇ ಆಫ್ ಮಾಡಿ, ವಾಪಸ್ ಮನೆಗೆ ಬಂದು ಆನ್ ಮಾಡ್ತಾರೆ. ನಾನು ಬೇಕಿದ್ರೆ ಹೊರಗೆ ಹೋಗ್ಬಹುದಿತ್ತು, ನನ್ನ ಕ್ಯೂಆರ್ ನನ್ನ ಹತ್ರ ಇತ್ತು, ಆದ್ರೆ ಈ ಮೂವರನ್ನ ನೆಲದಡಿ ಬಿಟ್ಟು ಹೋದ್ರೆ ಆಮೇಲೆ ಊರಲ್ಲಿ ಬಾಳೋದು ಹೆಂಗೆ.

ಗಾರ್ಡ್ ಬಂದ. ಟೋಕನ್ ಕಳ್ದಿದ್ರೆ ದಂಡ ಕಟ್ಬೇಕಾಗುತ್ತೆ ಅಮ್ಮ ಅಂದ.

"ಕಳ್ದಿಲ್ಲಪ, ಅದು ಮುಂದಿನ ಸ್ಟೇಷನ್ನಿಗೆ ಹೋಗೈತಿ" ಅಂದ್ರು ದೊಡ್ಡಮ್ಮ. "ಯಾವೂರು ನಿಂದು?"

ಹರಪನಹಳ್ಳಿ ಕಡೆ ಅಂದ. ಇಷ್ಟು ಸಾಕಿತ್ತು. ಅವನ ಅತ್ತಿಗೆ ತವರು ಉಚ್ಚಂಗಿದುರ್ಗ, ಅಲ್ಲೇ ದೊಡ್ಡಮ್ಮನ ಸೋದರತ್ತೆ ಮನೆ, ಎರಡು ಮನೆಗೂ ಒಂದೇ ಗೋಡೆ, ಲೆಕ್ಕದಲ್ಲಿ ಅವನು ಮೊಮ್ಮಗ ಆಗ್ಬೇಕು. ಮೊಮ್ಮಗ ನೀರು ತಂದುಕೊಟ್ಟ, ಕೂರೋಕೆ ಜಾಗ ಮಾಡಿಕೊಟ್ಟ, ಮದುವೆ ಯಾವಾಗ ಅಂತ ವಿಚಾರಿಸಿದ, ಆದ್ರೆ ಗೇಟ್ ಮಾತ್ರ ತೆಗೀಲಿಲ್ಲ. ಇಷ್ಟು ಹತ್ತಿರದ ಸಂಬಂಧ ಇಟ್ಕೊಂಡು ಒಂದು ಬಾಗಿಲು ತೆಗೆಯಲ್ಲ ಅಂದ್ರೆ ಇವನು ಎಂಥಾ ಮೊಮ್ಮಗ ಅಂತ ದೊಡ್ಡಮ್ಮಂಗೆ ಈಗಲೂ ಬೇಜಾರಿದೆ.

ಹೋದ ದಿಕ್ಕಿಗೇ ಕಣ್ಣು ನೆಟ್ಟು ಕೂತಿದ್ವಿ, ದೊಡ್ಡಪ್ಪ ಹಿಂದಿನಿಂದ ಬಂದ್ರು. ನ್ಯಾಷನಲ್ ಕಾಲೇಜ್ ಹತ್ರ ರೈಲು ಮೇಲೆ ಬಂದು ಬಿಸಿಲು ಕಂಡಾಗಲೇ ಅವರಿಗೆ ನಾವಿಲ್ಲ ಅಂತ ಗೊತ್ತಾಗಿದ್ದು. ಗಾಬರಿ ಏನೂ ಇಲ್ಲ. ಇನ್ನೊಂದು ಸ್ಟೇಷನ್ ಹೋಗಿದ್ರೆ ಲಾಲ್‌ಬಾಗೇ ಬರ್ತಿತ್ತಂತೆ, ಆದ್ರೂ ಅವರ ಪ್ರಕಾರ ನಮ್ಮ ದಾವಣಗೆರೆ ಗಾಜಿನಮನೆ ಮುಂದೆ ಅದೇನಲ್ಲ. "ನೀವೆಲ್ಲಾ ಎಲ್ಲಿ ಹೋಗಿದ್ರಿ?" ಅಂತ ನಮ್ಮನ್ನೇ ಕೇಳಿದ್ರು.

ಸೀರೆ ಅಂಗಡಿ ಸಂಗತಿ ಬಿಡಿ, ಅಲ್ಲಿ ಸಂಜೆವರೆಗೂ ಕೂತು ತಗೊಂಡ ಬಣ್ಣ ಚೌಕಿಪೇಟೆಲೂ ಇತ್ತು ಅಂತ ತಂಗಿ ನನ್ನ ಕಿವಿಲಿ ಹೇಳಿದ್ಲು.

ವಾಪಸ್ ಬರೋವಾಗ ದೊಡ್ಡಪ್ಪನ ಅಧಿಕಾರ ಹೋಗಿತ್ತು. ಅವರದೊಂದು ಟೋಕನ್ ಅವರಿಗೆ ಕೊಟ್ಟು ಉಳಿದ ಮೂರನ್ನೂ ದೊಡ್ಡಮ್ಮ ಸೆರಗಿನ ತುದಿಗೆ ಕಟ್ಕೊಂಡ್ರು, ಒಂದೊಂದಕ್ಕೂ ಬೇರೆ ಬೇರೆ ಗಂಟು. ಗೊರಗುಂಟೆಪಾಳ್ಯದ ಗೇಟಲ್ಲಿ ಸೆರಗನ್ನೇ ಮಷಿನ್ನಿಗೆ ಮುಟ್ಟಿಸಿದ್ರು. ತೆಗೀಲಿಲ್ಲ. ತಿರುಗಿಸಿ ಮುಟ್ಟಿಸಿದ್ರು, ಒತ್ತಿದ್ರು, ಬೈದ್ರು. ಬಿಚ್ಚಿ ಹಾಕ್ಬೇಕು ಅಂದೆ. ಮೊದಲನೇ ಗಂಟಲ್ಲಿ ಬೀರು ಕೀ ಬಂತು. ಹಿಂದೆ ಐಟಿ ಬ್ಯಾಗಿನ ಹುಡುಗರ ಸಾಲು ಬೆಳೀತಾ ಇತ್ತು, ಅಮ್ಮ ಹಲ್ಲಲ್ಲಿ ಒಂದು ಗಂಟು ಹಿಡ್ಕೊಂಡ್ರು, ತಂಗಿ ಉಗುರಲ್ಲಿ ಇನ್ನೊಂದು. ದೊಡ್ಡಪ್ಪ ತಮ್ಮ ಟೋಕನ್ ಹಾಕಿ ಗತ್ತಿನಿಂದ ಯಾವಾಗಲೋ ದಾಟಿ ಸ್ಟೇಷನ್ ಹೊರಗೆ ಹೋಗಿ ಮೆಟ್ಟಿಲ ಹತ್ರ ನಿಂತಿದ್ರು, ಚೀಲವೂ ಅವರ ಕೈಲೇ ಇತ್ತು, ಹೊರಗೆ ತಿನ್ನೋಕೆ ಯಾರ ಅಡ್ಡಿಯೂ ಇಲ್ಲ, ಮೂರನೇ ಗಂಟು ಬಿಚ್ಚಿ ನಾವು ಹೋಗೋ ಹೊತ್ತಿಗೆ ಅರ್ಧ ಮಂಡಕ್ಕಿ ಖಾಲಿಯಾಗಿ ಮೆಣಸಿನಕಾಯಿ ಎಲ್ಲಿಟ್ಟೀರಿ ಅಂತ ಹುಡುಕ್ತಾ ಇದ್ರು.