‘ಅನುಕೂಲವಾದಾಗ’ ಅಂದರೆ ಯಾರ ಅನುಕೂಲ?

ಅಕ್ಕನ ಡಿವೋರ್ಸ್ ಮುಗಿದು ನಾಲ್ಕು ವರ್ಷ ಆಯಿತು. ಅವಳನ್ನು ಕೇಳಿಕೊಂಡೇ ಇದನ್ನು ಬರೆಯುತ್ತಿದ್ದೇನೆ. "ಹೆಸರು ಹಾಕಬೇಡ, ಉಳಿದದ್ದು ಏನು ಬೇಕಾದರೂ ಬರಿ" ಅಂದಳು.

ಬರೆಯೋಕೆ ಕಾರಣ ಇದೆ. ಈಚೆಗೆ ಇಬ್ಬರು ಸ್ನೇಹಿತರು ಇನ್‌ಬಾಕ್ಸಿಗೆ ಬಂದು ಹೆಚ್ಚುಕಮ್ಮಿ ಒಂದೇ ಮಾತು ಕೇಳಿದರು: "ಒಬ್ಬ ಖಡಕ್ ಲಾಯರ್ ಇದ್ದರೆ ಹೇಳು ಮಾರಾಯ." ಆ ಕಾಲದಲ್ಲಿ ನಾನೂ ಹುಡುಕಿದ್ದು ಖಡಕ್ ಲಾಯರನ್ನೇ. ಸಿಕ್ಕರು ಕೂಡ. ಮೇಜು ಕುಟ್ಟಿ ಮಾತಾಡಿದರು. "ಅವನನ್ನ ಕೋರ್ಟಿಗೆ ಅಲೆಸಿ ಅಲೆಸಿ ಚಪ್ಪಲಿ ಸವೆಸ್ತೀನಿ" ಅಂದರು. ನನಗೆ ಎಷ್ಟು ಖುಷಿ ಆಯಿತು ಅಂದರೆ, ಅವತ್ತೇ ವಕಾಲತ್ತಿಗೆ ಸಹಿ ಹಾಕು ಅಂತ ಅಕ್ಕನಿಗೆ ಒತ್ತಾಯ ಮಾಡಿದೆ. ಅವಳು ಸುಮ್ಮನೆ ಮೆಟ್ಟಿಲು ಇಳಿದು ಬಂದಳು. ಕೆಳಗೆ ಬಂದಮೇಲೆ ಹೇಳಿದಳು: "ಅವರು ಮಗು ಹೆಸರೇನು ಅಂತ ಒಂದು ಸಲನೂ ಕೇಳಲಿಲ್ಲ ಕಣೋ."

ಎರಡನೆಯವರು ಒಬ್ಬ ಮೇಡಂ. ದನಿ ಎತ್ತದ ಮನುಷ್ಯೆ. ಕೂತ ತಕ್ಷಣ ನನ್ನನ್ನು ಸ್ವಲ್ಪ ಹೊತ್ತು ಹೊರಗೆ ಇರೋಕೆ ಹೇಳಿದರು. ನನಗೆ ಅವಮಾನ ಆದ ಹಾಗಾಯಿತು. ಯಾಕೆ ಅಂತ ಆಮೇಲೆ ಅಕ್ಕ ಹೇಳಿದಳು. ಮನೆಯಲ್ಲಿ ಹೊಡೆತ ಇದೆಯಾ, ನಿನಗೆ ಗಂಡನನ್ನು ಕಂಡರೆ ಹೆದರಿಕೆ ಇದೆಯಾ, ಡಿವೋರ್ಸ್ ಬೇಕು ಅಂತಿರೋದು ನೀನಾ ಅಥವಾ ನಿನ್ನ ಮನೆಯವರಾ ಅಂತ ಕೇಳಿದರಂತೆ. ಹೊಡೆತ ಇದ್ದಿದ್ದರೆ ದಾರಿಯೇ ಬೇರೆ ಇತ್ತು. ಮೊದಲು ರಕ್ಷಣೆಯ ಆದೇಶ, ಆಮೇಲೆ ಉಳಿದದ್ದು. ಹೆದರಿಕೊಂಡಿರೋ ಮನುಷ್ಯರನ್ನು ಕರೆದು "ಎದುರು ಬದುರು ಕೂತು ಮಾತಾಡಿಕೊಳ್ಳಿ" ಅನ್ನೋದು ರಾಜಿ ಅಲ್ಲ, ಇನ್ನೊಂದು ಹೊಡೆತ. ನಮ್ಮ ಮನೆಯಲ್ಲಿ ಅದು ಇರಲಿಲ್ಲ. ಇದ್ದದ್ದು ಬೇಸರ, ಸುಳ್ಳು, ಮತ್ತೆ ಮಾತು ನಿಂತುಹೋದ ಮೂರು ವರ್ಷ.

ಆಮೇಲೆ ನನ್ನನ್ನು ಒಳಗೆ ಕರೆದರು. ನಾನು ಬ್ಯಾಗಿನಿಂದ 14 ಪುಟ ತೆಗೆದು ಕೊಟ್ಟೆ. ರಾತ್ರಿ ಎರಡು ಗಂಟೆವರೆಗೆ ಕೂತು ಟೈಪ್ ಮಾಡಿದ್ದು. ಭಾವ ಯಾವತ್ತು ಏನಂದರು, ಅವರ ತಾಯಿ ಏನಂದರು, ಯಾವ ಮದುವೆಗೆ ಬರಲಿಲ್ಲ, ಎಲ್ಲಾ. ಮೇಡಂ ಪೆನ್ಸಿಲ್ ತಗೊಂಡರು. ಪೂರ್ತಿ ಓದಿದರು, ಅದು ನಿಜ. ಓದುತ್ತಾ ಓದುತ್ತಾ ಅಡ್ಡಗೆರೆ ಎಳೆಯುತ್ತಾ ಹೋದರು. ಕೆಲವು ಪುಟಕ್ಕೆ ಮೂಲೆಯಿಂದ ಮೂಲೆಗೆ ಒಂದೇ ಗೆರೆ. ಕೊನೆಗೆ ಉಳಿದದ್ದು ಒಂದೂವರೆ ಪುಟ. ನಾನು ಜಗಳಕ್ಕೇ ನಿಂತೆ. "ಇದೆಲ್ಲಾ ನಿಜ ಮೇಡಂ!" ಅಂದೆ.

"ನಿಜ ಇರಬಹುದಪ್ಪ. ಆದರೆ ಇದರಿಂದ ಕೋರ್ಟ್ ಏನು ಕೊಡೋಕೆ ಆಗುತ್ತೆ? ಮತ್ತೆ ಇನ್ನೊಂದು. ಈ ಕಾಗದ ಎಲ್ಲೂ ಹೋಗಲ್ಲ. ನಿಮ್ಮ ಅಳಿಯ ದೊಡ್ಡವನಾದ ಮೇಲೆ ಓದಬಹುದು. ಅಪ್ಪನ ಬಗ್ಗೆ ಮಾವ ಬರೆಸಿದ್ದು ಅಂತ."

ಅಲ್ಲಿಗೆ ನನ್ನ ಬಾಯಿ ಮುಚ್ಚಿತು.

ಫ್ಯಾಮಿಲಿ ಲಾಯರ್ ಅಂದರೆ ನಮ್ಮ ಪರವಾಗಿ ಜಗಳ ಆಡೋರು ಅಂತ ನಾವು ಅಂದುಕೊಂಡಿದ್ದೇವೆ. ಆಡ್ತಾರೆ, ಬೇಕಾದಾಗ. ಆದರೆ ಅವರ ಅಸಲಿ ಕೆಲಸ ನಮ್ಮ ಸಿಟ್ಟನ್ನು ತಾರೀಖು, ಗಂಟೆ, ಮೊತ್ತ ಅನ್ನೋ ಭಾಷೆಗೆ ಇಳಿಸೋದು. ಸಿಟ್ಟಿಗೆ ಆದೇಶ ಮಾಡೋಕೆ ಯಾವ ಜಡ್ಜಿಗೂ ಬರಲ್ಲ. ಶನಿವಾರ ಬೆಳಿಗ್ಗೆ 10 ಗಂಟೆಗೆ ಮಗುವನ್ನು ಅಪ್ಪನ ಜೊತೆ ಕಳಿಸಿ ಅಂತ ಆದೇಶ ಮಾಡಬಹುದು.

ಹಾಗಂತ ವಕೀಲರ ಮೇಲೆ ಅನುಮಾನ ಬೇಡ ಅಂತಲ್ಲ. ಕಾನೂನಿಗೇ ಅವರ ಮೇಲೆ ಅನುಮಾನ ಇದೆ! ಭಾರತದ 1984ರ ಕುಟುಂಬ ನ್ಯಾಯಾಲಯ ಕಾಯ್ದೆಯ 13ನೇ ಸೆಕ್ಷನ್ ನೋಡಿ. ಅಲ್ಲಿ ವಕೀಲರನ್ನು ಇಟ್ಟುಕೊಳ್ಳೋದು ಕಕ್ಷಿದಾರರ ಹಕ್ಕಲ್ಲ, ಕೋರ್ಟಿನ ಅನುಮತಿ ಬೇಕು. ಗಂಡ ಹೆಂಡತಿ ಜಗಳವನ್ನು ಕರಿಕೋಟು ಇನ್ನೂ ಉದ್ದ ಮಾಡಬಾರದು ಅನ್ನೋ ಯೋಚನೆ. ಅಮೆರಿಕದ ಮಿನ್ನೆಸೋಟದಲ್ಲಿ ಸ್ಟೂ ವೆಬ್ ಅನ್ನೋ ವಕೀಲರು 1990ರಲ್ಲಿ ಇನ್ನೊಂದು ದಾರಿ ಹಿಡಿದರು. ಇನ್ಮೇಲೆ ರಾಜಿ ಕೇಸ್ ಮಾತ್ರ ನೋಡ್ತೀನಿ, ಮಾತುಕತೆ ಮುರಿದು ಕೋರ್ಟಿಗೆ ಹೋಗೋದಾದರೆ ನಾನು ಕೇಸ್ ಬಿಡ್ತೀನಿ ಅಂದರು. ಅದರಿಂದ ಬೆಳೆದ ಪದ್ಧತಿಯಲ್ಲಿ ಎರಡೂ ಕಡೆಯ ವಕೀಲರು ಹೀಗೇ ಬರೆದುಕೊಡುತ್ತಾರೆ. ಜಗಳ ಬೆಳೆದರೆ ವಕೀಲರಿಗೇ ಕೆಲಸ ಹೋಗುತ್ತೆ. ಎಂಥ ಐಡಿಯಾ ಅಲ್ವಾ?

ಈಗ ದುಡ್ಡಿನ ವಿಷಯ. ಜೀವನಾಂಶ ಎಷ್ಟು ಕೇಳಬೇಕು ಅಂದಾಗ ನಮ್ಮ ಮನೆಯಲ್ಲಿ ತಲೆಗೊಂದು ಮೊತ್ತ ಬಂತು. ದೊಡ್ಡಪ್ಪನದು ಒಂದು, ಅಮ್ಮನದು ಒಂದು. ಮೇಡಂ ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕನಿಗೆ ಒಂದು ನೋಟ್‌ಬುಕ್ ತರೋಕೆ ಹೇಳಿದರು. "ಹೋದ ಒಂದು ವರ್ಷದ ಖರ್ಚು ಬರಿ. ತಿಂಗಳದ್ದಲ್ಲ, ವರ್ಷದ್ದು." ತಿಂಗಳ ಖರ್ಚು ಎಲ್ಲರಿಗೂ ನೆನಪಿರುತ್ತೆ. ವರ್ಷಕ್ಕೊಮ್ಮೆ ಬರೋದು ಮರೆತುಹೋಗುತ್ತೆ. ಸ್ಕೂಲ್ ಫೀಸು, ವಿಮೆ ಕಂತು, ಮಗುವಿನ ಕನ್ನಡಕ, ಹಲ್ಲಿನ ಡಾಕ್ಟರು, ಗಾಡಿ ಸರ್ವೀಸು, ತೆರಿಗೆ. ಅದನ್ನೆಲ್ಲಾ ಕೂಡಿಸಿ 12ರಿಂದ ಭಾಗಿಸಿದಾಗ ಅಕ್ಕ ತಲೆಯಲ್ಲಿ ಇಟ್ಟುಕೊಂಡಿದ್ದ ಮೊತ್ತದ ಒಂದೂಮುಕ್ಕಾಲು ಪಟ್ಟು ಬಂತು. ದೊಡ್ಡಪ್ಪನ ಮೊತ್ತದ ಹತ್ತಿರಕ್ಕೂ ಬರಲಿಲ್ಲ, ಅದು ಬೇರೆ ಮಾತು.

ಎದುರಿನವರ ಆದಾಯ ತಿಳಿಯೋದು ಇನ್ನೂ ಕಷ್ಟ. ಡಿವೋರ್ಸ್ ಅರ್ಜಿ ಬಿದ್ದ ದಿನದಿಂದ ಎಲ್ಲರೂ ಬಡವರಾಗುತ್ತಾರೆ. ಇದು ಗಂಡಂದಿರ ಬಗ್ಗೆ ಮಾತ್ರ ಹೇಳ್ತಿಲ್ಲ, ಸಂಬಳ ಮುಚ್ಚಿಡೋ ಹೆಂಡತಿಯರೂ ಇದ್ದಾರೆ. ಭಾರತದ ಸುಪ್ರೀಂ ಕೋರ್ಟ್ 2020ರ ನವೆಂಬರಿನಲ್ಲಿ ಕೊಟ್ಟ ತೀರ್ಪಿನ ಪ್ರಕಾರ ಜೀವನಾಂಶದ ಕೇಸಿನಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡಬೇಕು. ಜೀವನಾಂಶವೂ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2015ರಲ್ಲಿ ಒಂದು ಒಪ್ಪಂದವನ್ನೇ ಮತ್ತೆ ತೆರೆಯಿತು. ತನ್ನ ಕಂಪನಿಯನ್ನು ಷೇರುಪೇಟೆಗೆ ತರೋ ಯೋಜನೆ ಇದ್ದದ್ದನ್ನು ಗಂಡ ಮುಚ್ಚಿಟ್ಟಿದ್ದ. ಕೋರ್ಟಿಗೆ ಸುಳ್ಳು ಹೇಳಿ ಪಡೆದ ರಾಜಿ ನಿಲ್ಲಲ್ಲ ಅಂತ ತೀರ್ಪಾಯಿತು. ಎಲ್ಲಿ ಏನು ಕೇಳಬೇಕು, ಯಾವ ಬ್ಯಾಂಕ್ ಪಟ್ಟಿ ತರಿಸಬೇಕು, ಇದು ವಕೀಲರಿಗೆ ಗೊತ್ತಿರೋ ಕಲೆ. ನಮಗೆ ನಿಮಗೆ ಬರಲ್ಲ.

ಒಂದೇ ಗಂಟಾಗಿ ತಗೊಳ್ಳೋದಾ, ತಿಂಗಳು ತಿಂಗಳಾ ಅನ್ನೋದರ ಮೇಲೂ ಮನೆಯಲ್ಲಿ ದೊಡ್ಡ ಚರ್ಚೆ ಆಯಿತು. ತಿಂಗಳ ಹಣ ಬರದೇ ಹೋದರೆ ಮತ್ತೆ ಕೋರ್ಟು. ಆದರೆ ಖರ್ಚು, ಆದಾಯ ಬದಲಾದರೆ ಹೆಚ್ಚುಕಮ್ಮಿ ಮಾಡಿ ಅಂತ ಕೇಳೋಕೆ ಅವಕಾಶ ಇರುತ್ತೆ. ಮರುಮದುವೆ ಆದರೆ ಸಾಮಾನ್ಯವಾಗಿ ನಿಲ್ಲುತ್ತೆ. ಒಂದೇ ಗಂಟು ತಗೊಂಡರೆ ಸಂಬಂಧ ಕಡಿದ ಹಾಗೆ, ನೆಮ್ಮದಿ. ಆದರೆ ಆಮೇಲೆ ಸಾಲದು ಅಂತ ಕೇಳೋದು ತುಂಬಾ ಕಷ್ಟ. ಅಕ್ಕ ಗಂಟನ್ನೇ ಆರಿಸಿಕೊಂಡಳು. ಮಗುವಿನ ಖರ್ಚನ್ನು ಮಾತ್ರ ಅದರಲ್ಲಿ ಸೇರಿಸೋಕೆ ಮೇಡಂ ಬಿಡಲಿಲ್ಲ. "ಅದು ನಿನ್ನ ದುಡ್ಡಲ್ಲಮ್ಮ, ಅವನದು. ಅವನ ದುಡ್ಡನ್ನ ಬಿಟ್ಟುಕೊಡೋಕೆ ನೀನ್ಯಾರು?"

ಇನ್ನೊಂದು ವಿಷಯ ಹೇಳಲೇಬೇಕು, ಸುಮಾರು ಜನ ಇಲ್ಲಿ ಬೀಳುತ್ತಾರೆ. ಇಬ್ಬರ ಹೆಸರಲ್ಲೂ ಮನೆ ಸಾಲ ಇತ್ತು. ಇನ್ಮೇಲೆ ಕಂತು ಭಾವನೇ ಕಟ್ಟುತ್ತಾರೆ ಅಂತ ಒಪ್ಪಂದದಲ್ಲಿ ಬರೆದರೆ ಮುಗೀತು ಅಂದುಕೊಂಡಿದ್ದೆವು. ಮುಗಿಯಲ್ಲ. ಆ ಒಪ್ಪಂದ ಗಂಡ ಹೆಂಡತಿ ನಡುವಿನದು. ಬ್ಯಾಂಕಿಗೂ ಅದಕ್ಕೂ ಸಂಬಂಧ ಇಲ್ಲ. ಅವರು ಕಟ್ಟದಿದ್ದರೆ ಬ್ಯಾಂಕು ಅಕ್ಕನ ಬಾಗಿಲಿಗೇ ಬರುತ್ತೆ, ಯಾಕಂದರೆ ಸಾಲದ ಪತ್ರದಲ್ಲಿ ಅವಳ ಸಹಿ ಇದೆ. ಸಾಲದಿಂದ ಅವಳ ಹೆಸರು ತೆಗೆಸಿದ ಪತ್ರ ಬ್ಯಾಂಕಿನಿಂದ ಕೈಗೆ ಬಂದ ಮೇಲೆಯೇ ಮೇಡಂ ಕೊನೆಯ ಸಹಿ ಹಾಕಿಸಿದರು. ವಿಮೆಯ ನಾಮಿನಿ ಬದಲಾಯಿಸೋದನ್ನೂ ಅವರೇ ನೆನಪು ಮಾಡಿದರು.

ಇನ್ನು ಮಗು. ಇಲ್ಲಿಗೆ ಬಂದಾಗ ನನ್ನ ಕೈ ಸ್ವಲ್ಪ ನಿಧಾನ ಆಗುತ್ತೆ.

ಎದುರು ಕಡೆಯ ವಕೀಲರು ಕಳಿಸಿದ ಕರಡಿನಲ್ಲಿ ಒಂದು ಸಾಲಿತ್ತು: ‘ಮಗು ತಾಯಿಯ ಬಳಿ ಇರತಕ್ಕದ್ದು. ತಂದೆ ಅನುಕೂಲವಾದಾಗ ಮಗುವನ್ನು ಭೇಟಿ ಮಾಡಬಹುದು.’ ನಮಗೆ ಅದು ಒಳ್ಳೆಯದಾಗಿಯೇ ಕಂಡಿತು. ಜಗಳ ಇಲ್ಲದ ಸಾಲು. ಮೇಡಂ ‘ಅನುಕೂಲವಾದಾಗ’ ಅನ್ನೋ ಪದಕ್ಕೆ ಪೆನ್ಸಿಲ್ಲಿನಿಂದ ಸುತ್ತು ಹಾಕಿದರು. "ಯಾರ ಅನುಕೂಲ?" ಅಂತ ಕೇಳಿದರು. ಅಕ್ಕ ನನ್ನ ಮುಖ ನೋಡಿದಳು, ನಾನು ಅಕ್ಕನ ಮುಖ ನೋಡಿದೆ. "ರಾತ್ರಿ ಹತ್ತು ಗಂಟೆಗೆ ಬಾಗಿಲು ಬಡಿದರೆ ಅದು ಅವರ ಅನುಕೂಲ. ಆರು ತಿಂಗಳು ಇವತ್ತು ಆಗಲ್ಲ, ನಾಳೆ ಆಗಲ್ಲ ಅಂತ ನೀನು ಹೇಳಿದರೆ ಅದು ನಿನ್ನ ಅನುಕೂಲ. ಬಾಗಿಲ ಹಿಂದೆ ಶೂ ಹಾಕಿಕೊಂಡು ಕಾಯ್ತಾ ಕೂತಿರ್ತಾನಲ್ಲ, ಅವನದು ಎಲ್ಲಿ?"

ಆ ಒಂದು ಪದದ ಜಾಗದಲ್ಲಿ ಎರಡು ಪುಟ ಬಂತು. ಶನಿವಾರ ಬೆಳಿಗ್ಗೆ 10ಕ್ಕೆ ಅಪ್ಪ ಬಂದು ಕರೆದೊಯ್ಯಬೇಕು, ಭಾನುವಾರ ಸಂಜೆ 6ಕ್ಕೆ ವಾಪಸ್. ತಿಂಗಳಲ್ಲಿ ಯಾವ ಎರಡು ವಾರ. ಬೇಸಿಗೆ ರಜೆ ಹೇಗೆ ಅರ್ಧ ಮಾಡೋದು. ವಾರದ ದಿನ ರಾತ್ರಿ ಎಷ್ಟು ಗಂಟೆಗೆ ಫೋನ್. ಜ್ವರ ಬಂದರೆ ಏನು. ಇನ್‌ಹೇಲರ್ ಯಾರ ಬ್ಯಾಗಿನಲ್ಲಿ. ಸ್ಕೂಲಿನ ಮೀಟಿಂಗಿಗೆ ಇಬ್ಬರೂ ಬರಬಹುದಾ. ಆಪರೇಷನ್ ಅಂತ ಬಂದರೆ ಯಾರ ಒಪ್ಪಿಗೆ. ಪಾಸ್‌ಪೋರ್ಟ್ ಯಾರ ಹತ್ತಿರ, ದೇಶ ಬಿಟ್ಟು ಹೋಗೋದಾದರೆ ಎಷ್ಟು ದಿನ ಮೊದಲು ಹೇಳಬೇಕು.

ಪಾಸ್‌ಪೋರ್ಟ್ ವಿಷಯ ಅತಿ ಆಯಿತು ಅನ್ನಿಸಿತ್ತು ನನಗೆ. ಆಮೇಲೆ ಕ್ಯಾರೊಲಿನ್ ನಾರ್ಟನ್ ಕಥೆ ಓದಿದೆ. 19ನೇ ಶತಮಾನದ ಇಂಗ್ಲೆಂಡಿನ ಲೇಖಕಿ. ಆಗ ಮಕ್ಕಳ ಮೇಲೆ ಪೂರ್ತಿ ಹಕ್ಕು ತಂದೆಯದು. ಗಂಡ ಮೂವರು ಗಂಡುಮಕ್ಕಳನ್ನೂ ಕಿತ್ತುಕೊಂಡ, ಮುಖ ನೋಡೋಕೂ ಬಿಡಲಿಲ್ಲ. ಆಕೆ ಬರೆದು ಬರೆದು, ಸಂಸದರನ್ನು ಕಾಡಿ ಕಾಡಿ, 1839ರಲ್ಲಿ ಒಂದು ಕಾಯ್ದೆ ಆಯಿತು. ಏಳು ವರ್ಷದೊಳಗಿನ ಮಕ್ಕಳ ಸುಪರ್ದಿಗಾಗಿ ತಾಯಿ ಕೋರ್ಟನ್ನು ಕೇಳಬಹುದು ಅಂತ. ಆದರೆ ಆ ಕಾಯ್ದೆ ಸ್ಕಾಟ್ಲೆಂಡಿಗೆ ಅನ್ವಯ ಆಗುತ್ತಿರಲಿಲ್ಲ. ಗಂಡ ಮಕ್ಕಳನ್ನು ಇಟ್ಟಿದ್ದು ಸ್ಕಾಟ್ಲೆಂಡಿನಲ್ಲೇ! 1842ರಲ್ಲಿ ಕಿರಿಮಗ ಕುದುರೆಯಿಂದ ಬಿದ್ದು ತೀರಿಕೊಂಡ. ತಾಯಿ ತಲುಪೋ ಹೊತ್ತಿಗೆ ಉಸಿರಿರಲಿಲ್ಲ. ಗಡಿ ದಾಟಿದ ಮಗುವನ್ನು ವಾಪಸ್ ತರಿಸೋಕೆ ಈಗ 1980ರ ಹೇಗ್ ಒಪ್ಪಂದ ಇದೆ. ಅದಕ್ಕೂ ಎಲ್ಲ ದೇಶಗಳೂ ಸಹಿ ಹಾಕಿಲ್ಲ. ಭಾರತವೂ ಹಾಕಿಲ್ಲ. ಪಾಸ್‌ಪೋರ್ಟಿನ ಆ ಒಂದು ಸಾಲನ್ನು ನಾನೀಗ ಅತಿ ಅನ್ನಲ್ಲ.

ಈಗ ಬಹುತೇಕ ಕಡೆ ಕೋರ್ಟ್ ಕೇಳೋದು ತಂದೆಯ ಹಕ್ಕಾ, ತಾಯಿಯ ಹಕ್ಕಾ ಅಂತಲ್ಲ, ಮಗುವಿಗೆ ಯಾವುದು ಒಳ್ಳೆಯದು ಅಂತ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿ ಓದಿದರೆ ಇನ್ನೂ ಸ್ಪಷ್ಟ ಆಗುತ್ತೆ. ಮಗುವಿಗೆ ಕೆಡುಕಾಗದ ಹೊರತು, ದೂರ ಇರೋ ಅಪ್ಪ ಅಥವಾ ಅಮ್ಮನ ಜೊತೆ ಒಡನಾಟ ಇಟ್ಟುಕೊಳ್ಳೋದು ಮಗುವಿನ ಹಕ್ಕು. ದೊಡ್ಡವರು ದಯಪಾಲಿಸೋದಲ್ಲ. "ಈ ತಿಂಗಳು ದುಡ್ಡು ಬಂದಿಲ್ಲ, ಹಾಗಾಗಿ ಮಗು ತೋರಿಸಲ್ಲ" ಅಂತ ಅಕ್ಕ ಒಂದು ಸಲ ಹೊರಟಿದ್ದಳು, ಕೇಸ್ ನಡೀತಿದ್ದಾಗ. ಮೇಡಂ ಫೋನಿನಲ್ಲೇ ಗದರಿಸಿದರು. ದುಡ್ಡಿಗೆ ಬೇರೆ ಅರ್ಜಿ ಹಾಕೋಣ, ಶನಿವಾರ ಹತ್ತಕ್ಕೆ ಅವನನ್ನು ಕಳಿಸು. ನಿನ್ನ ಲಾಯರ್ ಹೇಳ್ತಿದ್ದೀನಿ, ಕಳಿಸು. ತನ್ನ ಕಕ್ಷಿದಾರರಿಗೇ ಗದರಿಸೋಕೆ ಧೈರ್ಯ ಬೇಕು. ಖಡಕ್ ಅಂದರೆ ನನ್ನ ಪ್ರಕಾರ ಇದು.

ಎಲ್ಲ ವಕೀಲರೂ ಹೀಗಿರಲ್ಲ, ಗೊತ್ತು. ವಾಯಿದೆ ಮೇಲೆ ವಾಯಿದೆ ತಗೊಂಡು ಎಂಟು ವರ್ಷ ಎಳೆದವರ ಕಥೆ ನಿಮ್ಮ ಹತ್ತಿರವೂ ಇರುತ್ತೆ. ಹಾಗಾಗಿ ಲಾಯರ್ ಹೆಸರು ಕೇಳಿದ ಇಬ್ಬರು ಸ್ನೇಹಿತರಿಗೆ ನಾನು ಮೊದಲು ಹೇಳಿದ್ದು ಒಂದೇ. ಮೊದಲ ಭೇಟಿಯಲ್ಲಿ ಅವರು ಎಷ್ಟು ಹೇಳ್ತಾರೆ ಅಂತ ನೋಡಬೇಡಿ, ಎಷ್ಟು ಕೇಳ್ತಾರೆ ನೋಡಿ. ಫೀಸು ಹೇಗೆ, ಯಾವುದಕ್ಕೆಲ್ಲಾ ಬೇರೆ ಅಂತ ಬರೆಸಿಕೊಳ್ಳಿ. ಕೇಸ್ ಮುಗಿಯೋವರೆಗೆ ಮಧ್ಯಂತರ ಜೀವನಾಂಶ, ಮಗುವಿನ ಮಧ್ಯಂತರ ಭೇಟಿ ಬಗ್ಗೆ ಅವರಾಗಿಯೇ ಎತ್ತದಿದ್ದರೆ ಬೇರೆಯವರನ್ನು ಹುಡುಕಿ. ಕೊನೆಯ ತೀರ್ಪು ಬರೋ ಹೊತ್ತಿಗೆ ಮಗು ಎರಡು ಕ್ಲಾಸು ಮೇಲಕ್ಕೆ ಹೋಗಿರುತ್ತೆ. ಹಾಂ, ಸಿಟ್ಟಿನಲ್ಲಿ ವಾಟ್ಸಾಪ್ ಸ್ಟೇಟಸ್ ಹಾಕಬೇಡಿ. ನಾನು ಒಂದು ಹಾಕಿದ್ದೆ. ಅದರ ಪ್ರಿಂಟು ಎದುರು ಕಡೆಯ ಫೈಲಿನಲ್ಲಿ ಬಂದಿತ್ತು.

ಅಳಿಯನಿಗೆ ಈಗ 11. ಭಾನುವಾರ ಸಂಜೆ ಅವನಿಗೆ ಫುಟ್‌ಬಾಲ್ ಪ್ರಾಕ್ಟೀಸ್ ಶುರುವಾಗಿದೆ, ಅದು ಅಪ್ಪನ ಮನೆ ಹತ್ತಿರದ ಮೈದಾನದಲ್ಲಿ. 6 ಗಂಟೆ ಅನ್ನೋ ಸಾಲು ಈಗ ಅವನಿಗೇ ಅಡ್ಡ ಬರುತ್ತಿದೆ. ಹೋದ ತಿಂಗಳು ಅಕ್ಕ, ಭಾವ ಫೋನಿನಲ್ಲಿ ಹತ್ತು ನಿಮಿಷ ಮಾತಾಡಿ ಅದನ್ನು ಎಂಟೂವರೆ ಮಾಡಿಕೊಂಡರು. ಲಾಯರ್ ಇಲ್ಲ, ಕೋರ್ಟ್ ಇಲ್ಲ, ಜಗಳವೂ ಇಲ್ಲ. ನನಗೆ ತಡೆಯಲಿಲ್ಲ, ಮೇಡಂಗೆ ಫೋನ್ ಮಾಡಿ ಹೇಳಿದೆ. ಖುಷಿ ಪಡ್ತಾರೆ ಅಂದುಕೊಂಡಿದ್ದೆ. ಪಟ್ಟರೋ ಏನೋ, ಗೊತ್ತಾಗಲಿಲ್ಲ. ಅವರು ಕೇಳಿದ್ದು ಒಂದೇ.

"ಬರೆದಿಟ್ಟುಕೊಂಡರಾ?"